‘ಕೋನಿ’: ಮೋಸಹೋಗುವವನಿಗೊಂದು ಹೆಸರು

೧

ಯಾವ ಸಮಾಜದಲ್ಲಿಯಾದರೂ ವಂಚಕನಿಗೆ ಹಲವು ಹೆಸರುಗಳಿರುತ್ತವೆ. ಕಳ್ಳ, ಠಕ್ಕ, ಖದೀಮ, ಗಂಟುಕಳ್ಳ ಎಂಬ ನಮ್ಮ ಮಾತುಗಳು ಎಲ್ಲರಿಗೂ ಪರಿಚಿತವಾದವು. ಆದರೆ ವಂಚನೆಯೆಂಬುದು ಇಬ್ಬರು ಸೇರದೆ ನಡೆಯುವ ಕಾರ್ಯವಲ್ಲ. ವಂಚಿಸುವವನು ಒಬ್ಬನಾದರೆ ವಂಚಿತನಾಗುವವನು ಇನ್ನೊಬ್ಬನು. ಈ ಎರಡನೆಯವನನ್ನು ಜನರು ಏನೆಂದು ಕರೆದರು, ಆ ಹೆಸರನ್ನು ಎಲ್ಲಿಂದ ತಂದರು, ಅದನ್ನು ಇಟ್ಟವರು ಯಾರು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಕೇವಲ ಶಬ್ದಕುತೂಹಲದ ವಿಷಯವೆಂದು ತೋರಬಹುದು. ಪರಿಶೀಲಿಸಿ ನೋಡಿದರೆ ಅವು ಇತಿಹಾಸದ ಒಂದು ಗಂಭೀರವಾದ ಪ್ರಶ್ನೆಗೆ ನಮ್ಮನ್ನು ಒಯ್ಯುತ್ತವೆ: ಮೋಸ ನಡೆದಾಗ ಸಮಾಜವು ತಪ್ಪನ್ನು ಯಾರ ಮೇಲೆ ಹೊರಿಸುತ್ತದೆ? ಮಾಡಿದವನ ಮೇಲೋ, ಹೋದವನ ಮೇಲೋ?

ಪ್ರಕೃತ ಪ್ರಬಂಧದಲ್ಲಿ ನಾವು ಈ ಪ್ರಶ್ನೆಯನ್ನು ಒಂದೇ ಒಂದು ಶಬ್ದದ ಮೂಲಕ ವಿಚಾರಮಾಡಲು ಉದ್ದೇಶಿಸಿದ್ದೇವೆ. ಅದು ಹದಿನಾರನೆಯ ಶತಮಾನದ ಕೊನೆಯಲ್ಲಿ, ಎಲಿಜಬೆತ್ ರಾಣಿಯ ಆಳ್ವಿಕೆಯ ಲಂಡನ್ ನಗರದಲ್ಲಿ ಬಹು ಪ್ರಸಿದ್ಧವಾಗಿದ್ದ ‘ಕೋನಿ’ ಎಂಬ ಶಬ್ದ. ಸುಲಭವಾಗಿ ನಂಬಿ ಮೋಸಹೋಗುವವನೆಂಬುದು ಅದರ ಅರ್ಥ. ಅವನನ್ನು ಮೋಸಗೊಳಿಸುವವನು ‘ಕೋನಿ ಹಿಡಿಯುವವನು’. ನಮ್ಮ ಕಾಲೇಜುಗಳಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಓದಿದವರು ಈ ಮಾತನ್ನು ‘ದಿ ಟೇಮಿಂಗ್ ಆಫ್ ದಿ ಶ್ರೂ’, ‘ದಿ ಮೆರಿ ವೈವ್ಸ್ ಆಫ್ ವಿಂಡ್ಸರ್’ ನಾಟಕಗಳಲ್ಲಿ ಕಂಡಿರಬಹುದು. ಟಿಪ್ಪಣಿಯಲ್ಲಿ ‘ವಂಚಿಸು’ ಎಂಬ ಒಂದು ಮಾತಿನ ಅರ್ಥವನ್ನು ಕಂಡು ಮುಂದಕ್ಕೆ ಹೋಗುವುದು ವಾಡಿಕೆ. ಆ ಒಂದು ಮಾತಿನ ಹಿಂದೆ ಒಂದು ನಗರದ ಬೆಳವಣಿಗೆಯ ಚರಿತ್ರೆಯೂ ಒಂದು ನ್ಯಾಯವಿಚಾರವೂ ಅಡಗಿವೆ.

೨

ಮೊದಲು ಶಬ್ದದ ಮೂಲವನ್ನು ನೋಡೋಣ. ಲ್ಯಾಟಿನ್ ಭಾಷೆಯ ‘ಕುನಿಕುಲುಸ್’ ಎಂಬ ಶಬ್ದಕ್ಕೆ ಬಿಲದಲ್ಲಿ ವಾಸಿಸುವ ಸಾಕುಮೊಲದ ಜಾತಿಯ ಪ್ರಾಣಿಯೆಂದೂ ನೆಲದೊಳಗಣ ಸುರಂಗವೆಂದೂ ಅರ್ಥಗಳಿವೆ. ಇದು ಹಳೆಯ ಫ್ರೆಂಚಿನಲ್ಲಿ ‘ಕೋನಿಲ್’ ಎಂದಾಗಿ, ನಾರ್ಮನ್ನರ ಮೂಲಕ ಇಂಗ್ಲೆಂಡನ್ನು ಹೊಕ್ಕು ‘ಕೋನಿ’ ಎಂದು ನೆಲೆಸಿತು. ಇಂದು ಪ್ರಚಾರದಲ್ಲಿರುವ ‘ರ‍್ಯಾಬಿಟ್’ ಎಂಬ ಶಬ್ದವು ಮೊದಲು ಈ ಪ್ರಾಣಿಯ ಮರಿಗೆ ಮಾತ್ರ ಅನ್ವಯವಾಗುತ್ತಿತ್ತು. ಬೆಳೆದ ಪ್ರಾಣಿಯು ‘ಕೋನಿ’ಯೇ. ಆ ಕಾಲದ ಉಚ್ಚಾರವು ಇಂದಿನಂತೆ ದೀರ್ಘಸ್ವರದ್ದಲ್ಲ. ಜೇನೆಂಬ ಅರ್ಥದ ‘ಹನಿ’ ಎಂಬ ಇಂಗ್ಲಿಷ್ ಶಬ್ದಕ್ಕೆ ಪ್ರಾಸವಾಗುವಂತೆ ಅದನ್ನು ಉಚ್ಚರಿಸುತ್ತಿದ್ದರು. ಆ ಉಚ್ಚಾರವು ಒಂದು ಅಶ್ಲೀಲ ಶಬ್ದವನ್ನು ನೆನಪಿಗೆ ತರುತ್ತಿದ್ದುದರಿಂದ, ಮುಂದೆ ಶಿಷ್ಟರು, ವಿಶೇಷವಾಗಿ ಇಗರ್ಜಿಯಲ್ಲಿ ಬೈಬಲನ್ನು ಗಟ್ಟಿಯಾಗಿ ಓದಬೇಕಾದವರು, ದೀರ್ಘೋಚ್ಚಾರವನ್ನು ಹಿಡಿದರು. ಕ್ರಮೇಣ ಆ ಶಬ್ದವೇ ನಿತ್ಯವ್ಯವಹಾರದಿಂದ ಹಿಂದೆ ಸರಿದು, ಮರಿಯ ಹೆಸರೇ ಪ್ರಾಣಿಯ ಹೆಸರಾಗಿ ನಿಂತಿತು.

ಇಲ್ಲಿ ಕನ್ನಡ ವಾಚಕರಿಗೆ ಒಂದು ಎಚ್ಚರಿಕೆ ಅವಶ್ಯವಾಗಿದೆ. ‘ಮೊಲ’ ಎಂಬ ನಮ್ಮ ಶಬ್ದವನ್ನು ಇಲ್ಲಿ ಹಾಗೆಯೇ ಪ್ರಯೋಗಿಸಿದರೆ ಅರ್ಥ ಕೆಡುತ್ತದೆ. ನಮ್ಮ ಹೊಲಗದ್ದೆಗಳ ಮೊಲವು ಬಯಲಿನಲ್ಲಿ ಮಲಗುವ, ಓಟಕ್ಕೂ ಉಪಾಯಕ್ಕೂ ಹೆಸರಾದ ಪ್ರಾಣಿ. ಪಂಚತಂತ್ರದ ಮೊಲ ಸಿಂಹವನ್ನು ಬಾವಿಗೆ ಬೀಳಿಸಿತು. ವಿಜಯನಗರದ ಸ್ಥಾಪನೆಯನ್ನು ಕುರಿತ ಐತಿಹ್ಯದಲ್ಲಿ ಮೊಲವು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋಯಿತಂತೆ. ಇಂತಹ ಪ್ರಾಣಿಯ ಹೆಸರು ನಮ್ಮಲ್ಲಿ ಮೋಸಹೋಗುವವನ ಹೆಸರಾಗುವುದು ಸಾಧ್ಯವಿಲ್ಲ. ಇಂಗ್ಲೆಂಡಿನ ‘ಕೋನಿ’ ಬೇರೆ. ಅದು ಆ ದ್ವೀಪದ ಮೂಲನಿವಾಸಿಯೂ ಅಲ್ಲ. ೧೦೬೬ರ ನಾರ್ಮನ್ ವಿಜಯದ ಅನಂತರ ಅದನ್ನು ಮಾಂಸಕ್ಕಾಗಿಯೂ ತುಪ್ಪಟಕ್ಕಾಗಿಯೂ ತಂದು ಸಾಕಿದರು. ಶ್ರೀಮಂತ ಭೂಮಾಲೀಕರು ಅದಕ್ಕೆಂದೇ ‘ವಾರೆನ್’ ಎಂಬ ಕಾದಿಟ್ಟ ಭೂಮಿಯನ್ನು ಇಟ್ಟುಕೊಂಡಿದ್ದರು. ಅದನ್ನು ನೋಡಿಕೊಳ್ಳಲು ಕಾವಲುಗಾರನಿರುತ್ತಿದ್ದನು. ಹಿಡಿಯುವ ಕ್ರಮವೂ ಸುಲಭವಾದುದೇ. ಬಿಲದ ಬಾಯಿಗಳಿಗೆಲ್ಲ ಚೀಲದಂತಹ ಬಲೆಗಳನ್ನು ಕಟ್ಟಿ, ಪಳಗಿಸಿದ ‘ಫೆರೆಟ್’ ಎಂಬ ಮುಂಗುಸಿಯಂತಹ ಪ್ರಾಣಿಯನ್ನು ಒಳಕ್ಕೆ ಬಿಡುವರು; ಹೆದರಿದ ಕೋನಿಗಳು ತಾವಾಗಿಯೇ ಓಡಿ ಬಂದು ಬಲೆಯಲ್ಲಿ ಬೀಳುವುವು. ಹಳ್ಳಿಯಲ್ಲಿ ಬೆಳೆದು ನಗರದಲ್ಲಿ ಆಹಾರವಾಗುವ, ತನ್ನ ಕಾಲಿನಿಂದಲೇ ಬಲೆಗೆ ನಡೆದುಬರುವ ಈ ಪ್ರಾಣಿಯನ್ನು ಲಂಡನ್ನಿನ ನಿವಾಸಿಯು ದಿನವೂ ಅಂಗಡಿಯಲ್ಲಿ ನೇತುಹಾಕಿದುದನ್ನು ಕಾಣುತ್ತಿದ್ದನು. ಉಪಮಾನವು ಸಿದ್ಧವಾಗಿತ್ತು, ಉಪಮೇಯವು ಬರಬೇಕಾಗಿತ್ತು.

೩

ಆ ಉಪಮೇಯವು ಹಳ್ಳಿಗಾಡಿನ ಮನುಷ್ಯ. ಹದಿನಾರನೆಯ ಶತಮಾನದ ಆದಿಯಲ್ಲಿ ಸುಮಾರು ಐವತ್ತು ಸಾವಿರ ಜನರಿದ್ದ ಲಂಡನ್ ನಗರವು ೧೬೦೦ರ ಹೊತ್ತಿಗೆ ಸುಮಾರು ಎರಡು ಲಕ್ಷ ಜನರ ನಗರವಾಗಿತ್ತೆಂದು ಚರಿತ್ರಕಾರರು ಅಂದಾಜು ಮಾಡಿದ್ದಾರೆ. ಈ ವೃದ್ಧಿಯ ಬಹುಭಾಗವು ಹೊರಗಿನಿಂದ ಬಂದವರಿಂದಾದುದು. ಇವರಲ್ಲದೆ ವರ್ಷಕ್ಕೆ ನಾಲ್ಕು ಬಾರಿ, ವೆಸ್ಟ್‌ಮಿನ್ಸ್ಟರಿನಲ್ಲಿ ನ್ಯಾಯಾಲಯಗಳು ತೆರೆದಾಗ, ವ್ಯಾಜ್ಯಗಳಿದ್ದ ಗ್ರಾಮಾಂತರದ ರೈತರೂ ಸಣ್ಣ ಜಮೀನ್ದಾರರೂ ಸೊಂಟದಲ್ಲಿ ಹಣದ ಚೀಲವನ್ನು ಕಟ್ಟಿಕೊಂಡು ನಗರಕ್ಕೆ ಬರುತ್ತಿದ್ದರು. ತಮ್ಮ ಹಳ್ಳಿಯಲ್ಲಿ ಅವರು ಯಾರನ್ನು ಕಂಡರೂ ಗುರುತಿರುವವರೇ. ಹೆಸರು, ತಂದೆ, ಊರು ತಿಳಿದ ಮೇಲೆ ನಂಬುವುದು ಅಲ್ಲಿನ ಧರ್ಮ. ನಗರದಲ್ಲಿ ಈ ಧರ್ಮವೇ ಅವರಿಗೆ ಅಪಾಯವಾಯಿತು.

ಈ ಅಪಾಯವನ್ನು ವಿಸ್ತಾರವಾಗಿ ವರ್ಣಿಸಿದವನು ರಾಬರ್ಟ್ ಗ್ರೀನ್. ೧೫೫೮ರಲ್ಲಿ ನಾರಿಚ್ ನಗರದಲ್ಲಿ ಹುಟ್ಟಿ, ಕೇಂಬ್ರಿಜ್, ಆಕ್ಸ್‌ಫರ್ಡ್ ಎರಡೂ ವಿಶ್ವವಿದ್ಯಾನಿಲಯಗಳ ಪದವಿಗಳನ್ನು ಪಡೆದ ಈತನು ನಾಟಕ, ಕಥೆ, ಕರಪತ್ರಗಳನ್ನು ಬರೆದು ಜೀವನ ಸಾಗಿಸಿದವನು; ೧೫೯೨ರ ಸೆಪ್ಟೆಂಬರ್ ೩ರಂದು ಬಡತನದಲ್ಲಿ ತೀರಿಕೊಂಡನು. ಅವನ ಕೊನೆಯ ಒಂದು ವರ್ಷದೊಳಗೆ ‘ಎ ನೋಟಬಲ್ ಡಿಸ್ಕವರಿ ಆಫ್ ಕಸನೇಜ್’ ಎಂಬ ಪುಸ್ತಿಕೆಯೂ, ‘ಕೋನಿ ಹಿಡಿಯುವ’ ವಿದ್ಯೆಯ ಎರಡನೆಯ, ಮೂರನೆಯ ಭಾಗಗಳೂ, ಇದೇ ಮಾಲೆಗೆ ಸೇರಿದ ಇನ್ನು ಕೆಲವು ಪುಸ್ತಿಕೆಗಳೂ ಹೊರಬಂದುವು. ‘ಕೋನಿ’ ಎಂಬ ಶಬ್ದಕ್ಕೆ ಈ ಅರ್ಥವು ದೇಶಾದ್ಯಂತ ರೂಢವಾದುದು ಈ ಪುಸ್ತಿಕೆಗಳಿಂದಲೇ.

ಗ್ರೀನನು ವರ್ಣಿಸುವ ವಿಧಾನ ಹೀಗಿದೆ. ಮೂವರು ಕೂಡಿ ಈ ಕೆಲಸವನ್ನು ನಡೆಸುತ್ತಾರೆ. ಮೊದಲನೆಯವನು ‘ಸೆಟರ್’. ಸಂತ ಪಾಲನ ದೇವಾಲಯದ ಬಳಿಯಲ್ಲಿಯೋ ಫ್ಲೀಟ್ ಬೀದಿಯಲ್ಲಿಯೋ ಸುತ್ತಾಡುತ್ತ, ಸಾದಾ ಉಡುಪಿನ ಹಳ್ಳಿಗನನ್ನು ಕಂಡ ಕೂಡಲೆ ಇವನು ಕುಶಲಪ್ರಶ್ನೆ ಮಾಡಿ, ಊರು ಯಾವುದು, ನೆರೆಯ ದೊಡ್ಡ ಮನುಷ್ಯರು ಯಾರು, ನಿಮ್ಮ ಹೆಸರೇನು ಎಂದು ತಿಳಿದುಕೊಂಡು, ತಾನು ತಪ್ಪು ತಿಳಿದೆನೆಂದು ಕ್ಷಮೆ ಬೇಡಿ ಮರೆಯಾಗುತ್ತಾನೆ. ಸ್ವಲ್ಪ ದೂರದಲ್ಲಿ ಎರಡನೆಯವನಾದ ‘ವರ್ಸರ್’ ಎದುರಾಗಿ ಹಳ್ಳಿಗನನ್ನು ಅವನ ಹೆಸರಿನಿಂದಲೇ ಕೂಗಿ, ಊರಿನವರ ಯೋಗಕ್ಷೇಮವನ್ನು ವಿಚಾರಿಸುತ್ತಾನೆ. ಗುರುತು ಸಿಗದಿದ್ದರೂ ತನ್ನ ಊರಿನವರೆಲ್ಲರನ್ನೂ ಬಲ್ಲವನು ಪರಕೀಯನಾಗಿರಲಾರನೆಂದು ಹಳ್ಳಿಗನು ನಂಬುತ್ತಾನೆ. ಇಬ್ಬರೂ ಪಾನಗೃಹಕ್ಕೆ ಹೋಗುತ್ತಾರೆ; ಇಸ್ಪೀಟಿನ ಎಲೆಗಳು ಬರುತ್ತವೆ. ‘ಮಮ್‌ಚಾನ್ಸ್’ ಎಂಬ ಆಟದಲ್ಲಿ ಯಾವ ಎಲೆ ಬೀಳುವುದೆಂಬುದನ್ನು ಮೊದಲೇ ತಿಳಿಯುವ ಒಂದು ಕೈಚಳಕವನ್ನು ವರ್ಸರನು ಹಳ್ಳಿಗನಿಗೆ ಸ್ನೇಹದಿಂದ ಕಲಿಸಿಕೊಡುತ್ತಾನೆ. ಆಗ ಮೂರನೆಯವನಾದ ‘ಬಾರ್ನಕಲ್’ ಎಂಬವನು ಅಪರಿಚಿತನಂತೆ ನಟಿಸುತ್ತ ಒಳಕ್ಕೆ ಬರುತ್ತಾನೆ. ಈ ಅಪರಿಚಿತನಿಂದ ಹಣ ಕೀಳುವುದು ಸುಲಭವೆಂದು ವರ್ಸರನು ಹಳ್ಳಿಗನ ಕಿವಿಯಲ್ಲಿ ಊದುತ್ತಾನೆ. ಮೊದಲು ಕೆಲವು ಪಂದ್ಯಗಳು ಹಳ್ಳಿಗನ ಕಡೆಗಾಗುತ್ತವೆ, ಪಣ ಏರುತ್ತದೆ, ಕೊನೆಗೆ ಚೀಲದ ಹಣವೆಲ್ಲವೂ ಬಾರ್ನಕಲನ ಪಾಲಾಗುತ್ತದೆ.

ಈ ವರ್ಣನೆಯಲ್ಲಿ ಎರಡು ಅಂಶಗಳನ್ನು ವಾಚಕರು ಗಮನಿಸಬೇಕು. ಮೊದಲನೆಯದು, ಬಲೆಯ ನೂಲು ಹಳ್ಳಿಗನ ಮೌಢ್ಯದಿಂದ ಹೆಣೆದುದಲ್ಲ. ಊರಿನವನೆಂಬ ಅವನ ವಿಶ್ವಾಸದಿಂದ ಹೆಣೆದುದು. ಎರಡನೆಯದು, ಕೊನೆಯ ಹೆಜ್ಜೆಯಲ್ಲಿ ಹಳ್ಳಿಗನು ಸಂಪೂರ್ಣ ನಿರಪರಾಧಿಯಲ್ಲ. ತಾನು ಇನ್ನೊಬ್ಬನನ್ನು ಮೋಸಮಾಡುತ್ತಿದ್ದೇನೆಂದು ತಿಳಿದೇ ಅವನು ಪಣ ಕಟ್ಟುತ್ತಾನೆ. ಅಂಗಡಿಯ ಬಾಗಿಲಲ್ಲಿ ತೂಗುವ ಮುಗ್ಧ ಪ್ರಾಣಿಯ ಹೆಸರು ಅವನಿಗೆ ಪೂರ್ಣವಾಗಿ ಒಪ್ಪುವುದಿಲ್ಲ. ಆದರೂ ಆ ಹೆಸರು ನಿಂತಿತು. ಏಕೆ ನಿಂತಿತೆಂಬುದೇ ನಮ್ಮ ಮುಂದಿನ ವಿಚಾರ.

೪

ಗ್ರೀನನು ತನ್ನ ಪುಸ್ತಿಕೆಗಳಲ್ಲಿ ವಂಚನೆಯ ಪ್ರಕಾರಗಳನ್ನು ‘ಲಾ’ ಎಂಬ ಹೆಸರಿನಿಂದ, ಅಂದರೆ ಒಂದೊಂದು ‘ಶಾಸ್ತ್ರ’ವೆಂಬಂತೆ, ವಿಂಗಡಿಸಿ, ಪ್ರತಿಯೊಂದರ ಪಾತ್ರಧಾರಿಗಳ ಹೆಸರುಗಳನ್ನು ಪಟ್ಟಿಮಾಡಿದ್ದಾನೆ. ಈ ಪಟ್ಟಿಗಳನ್ನು ಸಾಮಾನ್ಯವಾಗಿ ಕಳ್ಳರ ಹೆಸರುಗಳಿಗಾಗಿ ಓದುವುದುಂಟು. ನಾವು ಅವುಗಳಿಂದ ವಂಚಿತನ ಹೆಸರುಗಳನ್ನು ಮಾತ್ರ ಆರಿಸಿ ಒಂದೆಡೆ ಇಟ್ಟರೆ ಸ್ವಾರಸ್ಯವಾದ ಒಂದು ಸಂಗತಿ ಹೊರಬೀಳುತ್ತದೆ. ಹೆಣ್ಣಿನ ನೆಪದಿಂದ ಹಣ ಕೀಳುವ ‘ಕ್ರಾಸ್‌ಬೈಟಿಂಗ್’ ಶಾಸ್ತ್ರದಲ್ಲಿ ವಂಚಿತನು ‘ಸಿಂಪ್ಲರ್’, ಅಂದರೆ ಸರಳನು. ಚೆಂಡಾಟದ ಪಣಗಳಲ್ಲಿ ಮೋಸಮಾಡುವ ಶಾಸ್ತ್ರದಲ್ಲಿ ಅವನು ‘ವಿನ್ಸೆಂಟ್’. ಗೆಲ್ಲುವವನೆಂಬ ಅರ್ಥದ ಲ್ಯಾಟಿನ್ ಮೂಲವುಳ್ಳ ಈ ಹೆಸರನ್ನು ಸೋಲುವವನಿಗೆ ಇಟ್ಟಿರುವುದು ಬಹುಶಃ ವ್ಯಂಗ್ಯ. ಆ ಶಾಸ್ತ್ರದಲ್ಲಿ ದೊರೆಯುವ ಲಾಭಕ್ಕೆ ‘ಟರ್ಮೇಜ್’ ಎಂಬ ಹೆಸರಿದೆ. ನ್ಯಾಯಾಲಯದ ‘ಟರ್ಮು’ಗಳಿಗೂ ಈ ವೃತ್ತಿಗೂ ಇದ್ದ ಸಂಬಂಧವನ್ನು ಇದು ಸೂಚಿಸುವಂತಿದೆ. ‘ಬಾರ್ನರ್ಡ್’ ಎಂಬ ಶಾಸ್ತ್ರದಲ್ಲಿ ವಂಚಿತನಿಗೆ ‘ಕಸಿನ್’ ಎಂದು ಹೆಸರು. ಎಂದರೆ ಬಂಧು, ದಾಯಾದಿ. ಇಸ್ಪೀಟಿನ ಶಾಸ್ತ್ರದಲ್ಲಿ ಅವನು ‘ಕೋನಿ’.

ಇವುಗಳಲ್ಲಿ ಕೊನೆಯ ಎರಡು ಹೆಸರುಗಳನ್ನು ಹೋಲಿಸಿ ನೋಡುವುದು ಅವಶ್ಯ. ಏಕೆಂದರೆ ಆ ಎರಡು ಶಾಸ್ತ್ರಗಳೂ ವಸ್ತುತಃ ಒಂದೇ ತಂತ್ರದ ಹಳೆಯ ಮತ್ತು ಹೊಸ ರೂಪಗಳು. ಬಾರ್ನರ್ಡ್ ಶಾಸ್ತ್ರವು ಹಿಂದಿನ ಕಾಲದಲ್ಲಿ ರೂಢಿಯಲ್ಲಿದ್ದುದು, ಕೋನಿ ಹಿಡಿಯುವ ವಿದ್ಯೆಯು ಈಚೆಗೆ ಬಂದುದು ಎಂದು ಗ್ರೀನನೇ ಹೇಳುತ್ತಾನೆ. ಹಳೆಯದರ ವರ್ಣನೆಯು ಗಿಲ್ಬರ್ಟ್ ವಾಕರನದೆಂದು ಹೇಳುವ, ಸುಮಾರು ೧೫೫೨ರ ಜೂಜಿನ ಪುಸ್ತಿಕೆಯೊಂದರಲ್ಲಿ ದೊರೆಯುತ್ತದೆ. ಗ್ರೀನನು ಅಲ್ಲಿಂದಲೇ ಅದನ್ನು ಎತ್ತಿಕೊಂಡಿದ್ದಾನೆ. ಅದರಲ್ಲಿಯೂ ಹಳ್ಳಿಗನನ್ನು ಮಾತಿಗೆ ಎಳೆಯುವವನು ಒಬ್ಬ, ಸಂಭಾವಿತನಂತೆ ಜೊತೆಗೂಡುವವನು ಒಬ್ಬ, ಕುಡುಕನಂತೆ ಬರುವವನು ಒಬ್ಬ. ಕೊನೆಗೆ ಜಗಳ ಎಬ್ಬಿಸಿ ಉಳಿದವರು ಓಡಿಹೋಗಲು ಅನುಕೂಲ ಮಾಡುವ ನಾಲ್ಕನೆಯವನೂ ಇರುತ್ತಾನೆ. ಇಷ್ಟು ಸಾದೃಶ್ಯವಿದ್ದರೂ ಹಳೆಯ ಪಟ್ಟಿಯಲ್ಲಿ ವಂಚಿತನು ‘ಬಂಧು’, ಹೊಸದರಲ್ಲಿ ‘ಬೇಟೆ’.

‘ಬಂಧು’ ಎಂಬ ಹೆಸರು ತಂತ್ರದ ಒಳಮರ್ಮದಿಂದ ಬಂದುದು. ವಂಚಿಸುವುದೆಂಬ ಅರ್ಥದ ‘ಕಜನ್’ ಎಂಬ ಇಂಗ್ಲಿಷ್ ಕ್ರಿಯಾಪದವು ಉಚ್ಚಾರದಲ್ಲಿ ‘ಕಸಿನ್’ ಎಂಬುದರ ಸೋದರಿಯೇ. ಅದು ಫ್ರೆಂಚಿನ ‘ಕುಜಿನೆ’ ಎಂಬುದರಿಂದ ಬಂದಿರಬೇಕೆಂದು ಹಲವರು ನಿಘಂಟುಕಾರರ ಮತ. ರ‍್ಯಾಂಡಲ್ ಕಾಟ್‌ಗ್ರೇವನು ೧೬೧೧ರಲ್ಲಿ ಪ್ರಕಟಿಸಿದ ಫ್ರೆಂಚ್–ಇಂಗ್ಲಿಷ್ ನಿಘಂಟಿನಲ್ಲಿ ಆ ಶಬ್ದಕ್ಕೆ ಲಾಭಕ್ಕಾಗಿ ನೆಂಟತನವನ್ನು ಹೇಳಿಕೊಳ್ಳುವುದೆಂದು ಅರ್ಥ ಕೊಟ್ಟು, ಪ್ರಯಾಣದ ಖರ್ಚನ್ನು ಉಳಿಸಲು ಮನೆಮನೆಗೂ ನೆಂಟನಾಗಿ ಹೋಗುವವನನ್ನು ಉದಾಹರಿಸಿದ್ದಾನೆ. ಇಂತಹ ನೆಂಟರು ನಮ್ಮ ದೇಶಕ್ಕೂ ಹೊಸಬರಲ್ಲ. ಈ ಅರ್ಥದಲ್ಲಿ ವಂಚಿತನನ್ನು ‘ಬಂಧು’ವೆಂದು ಕರೆದಾಗ, ವಂಚಕನು ಯಾವ ಪವಿತ್ರವಾದ ಸಂಬಂಧವನ್ನು ಮುರಿಯುತ್ತಿದ್ದಾನೆಂಬುದು ಆ ಹೆಸರಿನಲ್ಲಿಯೇ ಉಳಿದಿರುತ್ತದೆ. ವ್ಯಂಗ್ಯವಾಗಿಯಾದರೂ ಅವನು ಇನ್ನೂ ಮನುಷ್ಯನೇ.

‘ಕೋನಿ’ ಎಂದಾಗ ಈ ಸಂಬಂಧವು ಅಳಿಸಿಹೋಗುತ್ತದೆ. ಮೊದಲ ಅಕ್ಷರದ ಧ್ವನಿಯು ಎರಡು ಶಬ್ದಗಳಲ್ಲಿಯೂ ಒಂದೇ ಆಗಿದ್ದುದು ಈ ಪಲ್ಲಟಕ್ಕೆ ಸಹಾಯಕವಾಗಿರಬಹುದೆಂಬುದು ನಮ್ಮ ಊಹೆ. ಆದರೆ ಧ್ವನಿಸಾಮ್ಯವು ದಾರಿಯನ್ನು ಸುಲಭಗೊಳಿಸಬಲ್ಲುದೇ ಹೊರತು ಪ್ರಯಾಣಕ್ಕೆ ಕಾರಣವಾಗಲಾರದು. ಬಂಧುವು ಪ್ರಾಣಿಯಾದುದಕ್ಕೆ ಕಾರಣವನ್ನು ನಗರದ ಜೀವನದಲ್ಲಿಯೇ ಹುಡುಕಬೇಕು. ಗುರುತಿಲ್ಲದವರ ನಡುವೆ ಬಾಳುವ ನಗರವಾಸಿಗೆ ನೆಂಟತನದ ಹಂಗು ಸಡಿಲವಾಗಿ, ಹಳ್ಳಿಯಿಂದ ಬರುವ ಮನುಷ್ಯನೂ ಹಳ್ಳಿಯಿಂದ ಬರುವ ಮಾಂಸವೂ ಒಂದೇ ಬುಟ್ಟಿಯಲ್ಲಿ ಕಾಣತೊಡಗಿದುವು.

೫

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ‘ಕೋನಿ’ ಎಂಬುದು ನಿಜವಾಗಿಯೂ ಕಳ್ಳರ ಬಾಯಿಯ ಮಾತೇ, ಅಥವಾ ಗ್ರೀನನಂತಹ ಲೇಖಕರು ಪುಸ್ತಕದ ಮಾರಾಟಕ್ಕಾಗಿ ಹರಡಿದ ಮಾತೇ? ಈ ಪುಸ್ತಿಕೆಗಳನ್ನು ಆ ಕಾಲದ ಸಾಮಾಜಿಕ ಸ್ಥಿತಿಗೆ ನೇರವಾದ ಸಾಕ್ಷ್ಯವೆಂದು ೧೯೧೩ರಲ್ಲಿ ಫ್ರಾಂಕ್ ಏಡಲಟ್ ಅವರೂ ೧೯೩೦ರಲ್ಲಿ ಎ. ವಿ. ಜಡ್ಜಸ್ ಅವರೂ ಬಹುಮಟ್ಟಿಗೆ ಸ್ವೀಕರಿಸಿದರು. ಅನಂತರದ ವಿದ್ವಾಂಸರು ಹೆಚ್ಚು ಸಂಶಯಪಟ್ಟಿದ್ದಾರೆ. ಸಂಶಯಕ್ಕೆ ಆಧಾರವಿದೆ. ಒಬ್ಬರ ಪುಸ್ತಿಕೆಯನ್ನು ಇನ್ನೊಬ್ಬರು ಪುಟಗಟ್ಟಲೆ ನಕಲುಮಾಡಿಕೊಂಡಿದ್ದಾರೆ. ವಂಚಕರು ತನ್ನ ಬಲಗೈಯನ್ನು ಕತ್ತರಿಸುವುದಾಗಿ ಬೆದರಿಸಿದ್ದಾರೆಂದು ಗ್ರೀನನು ಹೇಳಿಕೊಳ್ಳುವುದು ಪುಸ್ತಕಕ್ಕೆ ಒಳ್ಳೆಯ ಜಾಹೀರಾತು ಎಂಬುದನ್ನೂ ಮರೆಯಬಾರದು.

ಇದಕ್ಕಿಂತ ವಿನೋದಕರವಾದ ಇನ್ನೊಂದು ಸಾಕ್ಷ್ಯವುಂಟು. ೧೫೯೨ರಲ್ಲಿ ‘ಕತ್ಬರ್ಟ್ ಕೋನಿಕ್ಯಾಚರ್’ ಎಂಬ ಗುಪ್ತನಾಮದಿಂದ ‘ದಿ ಡಿಫೆನ್ಸ್ ಆಫ್ ಕೋನಿಕ್ಯಾಚಿಂಗ್’ ಎಂಬ ಪ್ರತ್ಯುತ್ತರವೊಂದು ಹೊರಬಂದಿತು. ಬಡ ವಂಚಕರನ್ನು ಮಾತ್ರ ಬಯಲಿಗೆಳೆದು, ಬಡ್ಡಿ ವ್ಯಾಪಾರಿಗಳಂತಹ ದೊಡ್ಡ ವಂಚಕರನ್ನು ಗ್ರೀನನು ಏಕೆ ಬಿಟ್ಟನೆಂಬುದು ಅದರ ಪ್ರಶ್ನೆ. ಅಷ್ಟೇ ಅಲ್ಲದೆ, ‘ಒರ್ಲಾಂಡೊ ಫ್ಯೂರಿಯೋಸೊ’ ಎಂಬ ತನ್ನ ನಾಟಕವನ್ನು ಗ್ರೀನನು ರಾಣಿಯ ನಾಟಕಮಂಡಲಿಗೆ ಇಪ್ಪತ್ತು ‘ನೋಬಲ್’ ನಾಣ್ಯಗಳಿಗೆ ಮಾರಿ, ಆ ಮಂಡಲಿಯವರು ಹೊರನಾಡಿಗೆ ಹೋದಾಗ ಅದನ್ನೇ ಅಡ್ಮಿರಲನ ಮಂಡಲಿಗೂ ಅಷ್ಟೇ ಬೆಲೆಗೆ ಮಾರಿದನೆಂದು ಅದು ಆರೋಪಿಸುತ್ತದೆ. ಇದು ಕೋನಿ ಹಿಡಿಯುವುದಲ್ಲದೆ ಮತ್ತೇನೆಂದು ಕೇಳುತ್ತದೆ. ಈ ಪ್ರತ್ಯುತ್ತರವನ್ನೂ ಗ್ರೀನನೇ ಬರೆದಿರಬಹುದೆಂದು ಹೇಳುವವರೂ ಇದ್ದಾರೆ. ಅದು ಹೇಗೇ ಇರಲಿ, ಪುಸ್ತಕ ಕೊಂಡ ವಾಚಕನೂ ಒಬ್ಬ ಕೋನಿಯೇ ಇರಬಹುದೆಂಬ ಪರಿಹಾಸ್ಯವು ಆ ಕಾಲದವರಿಗೇ ಹೊಳೆದಿತ್ತು.

ಹಾಗಾದರೆ ಈ ಪುಸ್ತಿಕೆಗಳೆಲ್ಲವೂ ಕಲ್ಪನೆಯೇ? ಹಾಗೆನ್ನುವುದೂ ಸರಿಯಲ್ಲ. ಲಂಡನ್ನಿನ ‘ರೆಕಾರ್ಡರ್’ ಎಂಬ ನ್ಯಾಯಾಧಿಕಾರಿಯಾಗಿದ್ದ ವಿಲಿಯಂ ಫ್ಲೀಟ್‌ವುಡ್ಡನು ೧೫೮೫ರ ಜುಲೈಯಲ್ಲಿ ಮಂತ್ರಿ ಬರ್ಲೀ ಪ್ರಭುವಿಗೆ ಬರೆದ ಪತ್ರವೊಂದು ಉಳಿದಿದೆ. ಬಿಲ್ಲಿಂಗ್ಸ್‌ಗೇಟಿನ ಬಳಿಯ ಪಾನಗೃಹವೊಂದರಲ್ಲಿ ವಾಟನ್ ಎಂಬವನು ಹುಡುಗರಿಗೆ ಕಿಸೆ ಕತ್ತರಿಸುವ ವಿದ್ಯೆಯನ್ನು ಕಲಿಸುವ ಶಾಲೆ ನಡೆಸುತ್ತಿದ್ದನೆಂದೂ, ಸಣ್ಣ ಗಂಟೆಗಳನ್ನು ಕಟ್ಟಿ ತೂಗುಹಾಕಿದ ಚೀಲದಿಂದ ಸದ್ದಾಗದಂತೆ ಹಣ ತೆಗೆದವನಿಗೆ ಪದವಿ ದೊರೆಯುತ್ತಿತ್ತೆಂದೂ ಅದರಲ್ಲಿ ಬರೆದಿದೆ. ಆ ಪದವಿಗಳ ಹೆಸರುಗಳಲ್ಲಿ ಬರುವ ‘ಫಾಯಿಸ್ಟ್’, ‘ನಿಪ್’ ಎಂಬ ಶಬ್ದಗಳೇ ಗ್ರೀನನ ಪಟ್ಟಿಯಲ್ಲಿಯೂ ಇವೆ. ಅಧಿಕಾರಿಯ ಪತ್ರವು ಮಾರಾಟಕ್ಕಾಗಿ ಬರೆದುದಲ್ಲ. ಆದ್ದರಿಂದ ಗ್ರೀನನ ಪಟ್ಟಿಗಳ ಕೆಲವು ಶಬ್ದಗಳಾದರೂ ಆರು ವರ್ಷಗಳ ಹಿಂದೆಯೇ ನಿಜವಾಗಿ ಬಳಕೆಯಲ್ಲಿದ್ದುವು.

ಫ್ಲೀಟ್‌ವುಡ್ಡನ ವಿವರಣೆಯಲ್ಲಿ ಕಳ್ಳನ ಹೆಸರುಗಳಿವೆ, ‘ಕೋನಿ’ ಇಲ್ಲ. ಈ ಕಾರಣದಿಂದ ನಾವು ಹೀಗೆ ನಿರ್ಣಯಿಸುತ್ತೇವೆ: ಶಬ್ದದ ಬೀಜವು ಬೀದಿಯಲ್ಲಿಯೇ ಬಿದ್ದಿದ್ದರೂ ಅದು ಬೆಳೆದುದು ಅಚ್ಚಿನ ಮನೆಯಲ್ಲಿ. ಈ ಮಾಲೆಯ ಪುಸ್ತಿಕೆಗಳ ಮುಖಪುಟದಲ್ಲಿ ಇಸ್ಪೀಟೆಲೆಗಳನ್ನು ಹಿಡಿದ ಕೋನಿಯ ಚಿತ್ರವನ್ನೇ ಅಚ್ಚುಹಾಕಿದರು. ಕಳ್ಳರ ಗುಟ್ಟಿನ ಮಾತಾಗಿದ್ದರೆ ಅದು ಹೀಗೆ ಅಂಗಡಿಯ ಹಲಗೆಯ ಮೇಲೆ ಕೂರುತ್ತಿರಲಿಲ್ಲ. ಓದುಬಲ್ಲ ನಗರವಾಸಿಯು ಪುಸ್ತಕವನ್ನು ಕೊಂಡು, ತಾನು ಕೋನಿಯಲ್ಲವೆಂಬ ತೃಪ್ತಿಯನ್ನು ಪಡೆದನು. ಕಳ್ಳನ ಕಣ್ಣಿನಿಂದ ಹಳ್ಳಿಗನನ್ನು ನೋಡಿ ನಗುವುದನ್ನು ಅವನು ಕಲಿತನು. ಈ ಹೆಸರಿನ ನಿಜವಾದ ಬಳಕೆದಾರನು ಕಳ್ಳನಲ್ಲ. ನಡುವೆ ನಿಂತು ನೋಡಿದ ಮೂರನೆಯವನು.

ಈ ನೋಟವು ರಂಗಭೂಮಿಗೂ ಏರಿತು. ‘ದಿ ವಿಂಟರ್ಸ್ ಟೇಲ್’ ನಾಟಕದ ಕಥೆಯನ್ನು ಷೇಕ್ಸ್‌ಪಿಯರನು ಗ್ರೀನನ ‘ಪಂಡೋಸ್ಟೊ’ ಎಂಬ ಕಥೆಯಿಂದ ತೆಗೆದುಕೊಂಡನೆಂಬುದು ಪ್ರಸಿದ್ಧವಾಗಿದೆ. ಅದರಲ್ಲಿನ ಆಟೊಲಿಕಸ್ ಎಂಬ ಕಿಸೆಗಳ್ಳನು ಹಳ್ಳಿಯ ಯುವಕನೊಬ್ಬನ ಮರುಕವನ್ನೇ ಬಲೆಯಾಗಿ ಮಾಡಿಕೊಂಡು ಅವನ ಹಣವನ್ನು ಎಗರಿಸುವ ಪ್ರಸಂಗವು ಕೋನಿ ಪುಸ್ತಿಕೆಗಳ ಸಂಪ್ರದಾಯಕ್ಕೆ ಸೇರಿದುದು. ೧೬೧೧ರ ಮೇ ತಿಂಗಳಲ್ಲಿ ಗ್ಲೋಬ್ ನಾಟಕಶಾಲೆಯಲ್ಲಿ ಇದನ್ನು ನೋಡಿದ ಜ್ಯೋತಿಷಿ ಸೈಮನ್ ಫೋರ್‌ಮನ್ನನು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡ ನೀತಿಯೆಂದರೆ, ವೇಷಧಾರಿ ಭಿಕ್ಷುಕರನ್ನು ನಂಬಬಾರದೆಂಬುದು. ಮರಣಹೊಂದಿದಳೆಂದು ತಿಳಿದಿದ್ದ ರಾಣಿಯು ಪ್ರತಿಮೆಯಿಂದ ಜೀವ ತಳೆದು ಬರುವ ಅದ್ಭುತವನ್ನು ಅವನು ಬರೆದುಕೊಳ್ಳಲಿಲ್ಲ. ಕೋನಿಯಾಗಬಾರದೆಂಬ ಭಯವು ಆ ನಗರದಲ್ಲಿ ಎಷ್ಟು ಆಳವಾಗಿತ್ತೆಂಬುದಕ್ಕೆ ಇದೊಂದು ನಿದರ್ಶನ.

೬

ಇದೇ ಕಾಲದಲ್ಲಿ ಇನ್ನೊಂದು ಶಬ್ದವೂ ಬೆಳೆಯುತ್ತಿತ್ತು. ಅದು ‘ಗಲ್’. ಇಂದು ಅದೇ ರೂಪದ ಶಬ್ದವು ಕಡಲಹಕ್ಕಿಯೊಂದರ ಹೆಸರಾಗಿದ್ದರೂ, ಇಲ್ಲಿ ಅದರ ಮೂಲವು ರೆಕ್ಕೆ ಬಲಿಯದ, ಹಳದಿಯ ನವುರುಗೂದಲಿನ ಹಕ್ಕಿಮರಿ ಎಂಬ ಅರ್ಥದ ಶಬ್ದವೆಂದು ಕೆಲವರೂ, ನುಂಗುವುದೆಂಬ ಅರ್ಥದ ಕ್ರಿಯಾಪದವೆಂದು ಕೆಲವರೂ ಹೇಳುತ್ತಾರೆ. ಕೊಟ್ಟುದನ್ನೆಲ್ಲ ಬಾಯ್ದೆರೆದು ನುಂಗುವ ಗೂಡಿನ ಮರಿಯಲ್ಲಿ ಎರಡು ಅರ್ಥಗಳೂ ಸೇರುತ್ತವೆ. ೧೬೦೯ರಲ್ಲಿ ಥಾಮಸ್ ಡೆಕ್ಕರನು ‘ದಿ ಗಲ್ಸ್ ಹಾರ್ನ್‌ಬುಕ್’ ಎಂಬ ವಿಡಂಬನೆಯನ್ನು ಪ್ರಕಟಿಸಿದನು. ‘ಕೋನಿ’ಯು ಹಳ್ಳಿಯವನಾದರೆ ಡೆಕ್ಕರನ ‘ಗಲ್’ ಪಟ್ಟಣದ ಷೋಕಿಯ ತರುಣ. ಬಟ್ಟೆಗೂ ನಾಟಕಶಾಲೆಗೂ ತಂದೆಯ ಹಣವನ್ನು ಸುರಿಯುವವನು. ಹಿಂದಿನ ವರ್ಷದ ತನ್ನ ‘ಲ್ಯಾಂತಾರ್ನ್ ಅಂಡ್ ಕ್ಯಾಂಡಲ್‌ಲೈಟ್’ ಎಂಬ ಪುಸ್ತಕದಲ್ಲಿ ಇದೇ ಡೆಕ್ಕರನು ಮೊಲದ ಬೇಟೆಯ ಉಪಮಾನವನ್ನು ಕೊನೆಯವರೆಗೂ ಎಳೆದಿದ್ದನು: ಸಾಲಕ್ಕೆ ಸಿಕ್ಕಿಬೀಳುವ ಶ್ರೀಮಂತ ಯುವಕರು ಹಾಲು ಕುಡಿಯುವ ಮರಿಗಳು, ಸರಕು ಮಾರುವ ವರ್ತಕನು ‘ಫೆರೆಟ್’, ಸರಕುಗಳೇ ಚೀಲದ ಬಲೆಗಳು. ಇಲ್ಲಿ ಬೇಟೆಗಾರನು ಬೀದಿಯ ಕಳ್ಳನಲ್ಲ, ಮರ್ಯಾದಸ್ತನಾದ ನಗರದ ವ್ಯಾಪಾರಿ. ಉಪಮಾನವು ಮೇಲಕ್ಕೆ ಹತ್ತಿದೆ.

ಪ್ರಾಣಿಯ ಹೆಸರನ್ನು ವಂಚಿತನಿಗೆ ಕೊಡುವ ಪದ್ಧತಿಯು ಇಂಗ್ಲಿಷಿಗೆ ಮಾತ್ರ ಸೀಮಿತವಲ್ಲ. ಫ್ರಾನ್ಸಿನ ದಿಜೋನ್ ನಗರದಲ್ಲಿ ೧೪೫೫ರಲ್ಲಿ ‘ಕೊಕಿಯಾರ್’ ಎಂಬ ಕಳ್ಳರ ಗುಂಪಿನ ವಿಚಾರಣೆ ನಡೆದಾಗ ಅವರ ಗುಪ್ತಶಬ್ದಗಳನ್ನು ಅಧಿಕಾರಿಗಳು ಬರೆದಿಟ್ಟರು. ತಮ್ಮ ವಿದ್ಯೆಗಳನ್ನು ಅರಿಯದ ಸರಳ ಮನುಷ್ಯನಿಗೆ ಅವರು ಇಟ್ಟಿದ್ದ ಹೆಸರುಗಳಲ್ಲಿ ‘ದ್ಯೂಪ್’ ಒಂದು. ತಲೆಯ ಮೇಲೆ ಕಿರೀಟದಂತಹ ಗರಿಯುಳ್ಳ ಚಂದ್ರಮುಕುಟವೆಂಬ ಹಕ್ಕಿಯ ಫ್ರೆಂಚ್ ಹೆಸರಿನಿಂದ ಅದು ಬಂದಿರಬಹುದು. ಕಳ್ಳರ ಈ ಮಾತು ರಾಜಕಾರಣವನ್ನೂ ಹೊಕ್ಕಿತು. ೧೬೩೦ರ ನವೆಂಬರಿನಲ್ಲಿ ಮಂತ್ರಿ ರಿಷಲ್ಯೂವಿನ ಪತನವಾಯಿತೆಂದು ನಂಬಿ ಹಿಗ್ಗಿದ ಅವನ ವೈರಿಗಳು ಮರುದಿನವೇ ತಾವೇ ಕೆಳಗೆ ಬಿದ್ದುದರಿಂದ, ಆ ದಿನಕ್ಕೆ ‘ದ್ಯೂಪ್‌ಗಳ ದಿನ’ವೆಂಬ ಹೆಸರು ಚರಿತ್ರೆಯಲ್ಲಿ ನಿಂತಿದೆ.

ಕನ್ನಡದಲ್ಲಿ ಇದಕ್ಕೆ ಸಮೀಪವಾದುದು ‘ಮಿಕ’. ‘ಮೃಗ’ದ ತದ್ಭವವಾದ ಈ ಶಬ್ದಕ್ಕೆ ಬೇಟೆಯ ಪ್ರಾಣಿಯೆಂಬುದು ಅರ್ಥ, ಒಳ್ಳೆಯ ಮಿಕ ಸಿಕ್ಕಿತು, ಮಿಕ ಬಲೆಗೆ ಬಿತ್ತು ಎಂದು ಆಡುಮಾತಿನಲ್ಲಿ ಹೇಳುವಾಗ ಅದು ಮೋಸಹೋಗುವ ಮನುಷ್ಯ. ಹಿಂದೂಸ್ಥಾನಿಯಿಂದ ಬಂದ, ಆಡು ಎಂಬರ್ಥದ ‘ಬಕರಾ’ ಎಂಬುದೂ ಇದೇ ಜಾತಿಯದು. ಇವುಗಳನ್ನು ಪೆದ್ದ, ಬೆಪ್ಪ, ಮಂಕ ಎಂಬ ಶಬ್ದಗಳೊಡನೆ ಸೇರಿಸಬಾರದು. ಪೆದ್ದತನವು ಮನುಷ್ಯನ ಸ್ವಭಾವ; ಅವನನ್ನು ಯಾರೂ ವಂಚಿಸದಿದ್ದರೂ ಅವನು ಪೆದ್ದನೇ. ‘ಮಿಕ’ವಾದರೋ ಒಂದು ಸ್ಥಾನ. ಬೇಟೆಗಾರನಿಲ್ಲದೆ ಮಿಕವಿಲ್ಲ. ಜಾಣನೂ ಒಂದು ದಿನ ಮಿಕವಾಗಬಹುದು. ‘ಕೋನಿ’ ಎಂಬುದೂ ಮೊದಲು ಇಂತಹ ಸ್ಥಾನವಾಚಕವಾಗಿಯೇ ಇತ್ತು. ಅದು ಸೆಟರ್, ವರ್ಸರ್, ಬಾರ್ನಕಲ್ ಎಂಬ ಪಾತ್ರಗಳೊಡನೆ ಪಟ್ಟಿಯಲ್ಲಿ ಬರುವ ನಾಲ್ಕನೆಯ ಪಾತ್ರ.

ಮುಂದಿ‍ನ ಶತಮಾನಗಳಲ್ಲಿ ನಡೆದ ಬದಲಾವಣೆಯು ಇಲ್ಲಿಯೇ ಇದೆ. ‘ಕೋನಿ’ ಮರೆಯಾಯಿತು, ‘ಗಲ್’ ಉಳಿಯಿತು. ಉಳಿದುದಷ್ಟೇ ಅಲ್ಲದೆ, ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತರ ಆದಿಯಲ್ಲಿ ಅದರಿಂದ ‘ಗಲಿಬಿಲಿಟಿ’, ‘ಗಲಿಬಲ್’ ಎಂಬ ಗುಣವಾಚಕಗಳು ಹುಟ್ಟಿದುವು. ಪಾತ್ರವಾಗಿದ್ದುದು ಗುಣವಾಯಿತು. ಬೇಟೆಗಾರನನ್ನು ಹೇಳದೆಯೇ ವಂಚಿತನನ್ನು ವರ್ಣಿಸುವುದು ಸಾಧ್ಯವಾಯಿತು.

೭

ಹೆಸರಿನ ಈ ಚರಿತ್ರೆಗೆ ನ್ಯಾಯಶಾಸ್ತ್ರದ ಚರಿತ್ರೆಯು ಸಮಾನಾಂತರವಾಗಿ ನಡೆದಿದೆ. ಸುಳ್ಳು ಗುರುತುಗಳನ್ನೋ ಕೃತ್ರಿಮ ಪತ್ರಗಳನ್ನೋ ತೋರಿಸಿ ಹಣ ಪಡೆಯುವುದನ್ನು ಇಂಗ್ಲೆಂಡಿನಲ್ಲಿ ೧೫೪೧ರ ಶಾಸನವೊಂದು ಅಪರಾಧವೆಂದು ವಿಧಿಸಿತು. ಆದರೆ ಯಾವ ಗುರುತೂ ಇಲ್ಲದೆ, ಕೇವಲ ಸುಳ್ಳು ಮಾತಿನಿಂದ ಒಬ್ಬನನ್ನು ವಂಚಿಸಿದರೆ? ೧೭೦೩ರಲ್ಲಿ ಇಂತಹ ಮೊಕದ್ದಮೆಯೊಂದು ಮುಖ್ಯ ನ್ಯಾಯಾಧೀಶ ಹೋಲ್ಟನ ಮುಂದೆ ಬಂದಿತು. ತನ್ನನ್ನು ಇಂಥವರು ಕಳುಹಿಸಿದ್ದಾರೆಂದು ಸುಳ್ಳು ಹೇಳಿ ಒಬ್ಬನು ಇಪ್ಪತ್ತು ಪೌಂಡುಗಳನ್ನು ಪಡೆದಿದ್ದನು. ಒಬ್ಬನು ಇನ್ನೊಬ್ಬನನ್ನು ಮೂರ್ಖನನ್ನಾಗಿ ಮಾಡಿದ ಮಾತ್ರಕ್ಕೆ ಅವನನ್ನು ಅಪರಾಧಿಯೆಂದು ವಿಚಾರಿಸಲಾಗದು, ನಷ್ಟವಾದವನು ಬೇಕಾದರೆ ಸಿವಿಲ್ ದಾವೆ ಹೂಡಲಿ ಎಂಬುದು ಆ ತೀರ್ಪಿನ ತಾತ್ಪರ್ಯ. ವರ್ಸರನ ತಂತ್ರವೂ ಬರಿಯ ಮಾತಿನದೇ ಆಗಿತ್ತೆಂಬುದನ್ನು ವಾಚಕರು ನೆನೆಯಬೇಕು. ಕೋನಿಯನ್ನು ನೋಡಿ ನಗುವ ನಗರದ ದೃಷ್ಟಿಯೇ ಇಲ್ಲಿ ನ್ಯಾಯಪೀಠದಿಂದ ಮಾತನಾಡಿದೆ. ೧೭೫೭ರ ಶಾಸನವು ಸುಳ್ಳು ನೆಪಗಳಿಂದ ಹಣ ಅಥವಾ ಸರಕನ್ನು ಪಡೆಯುವುದನ್ನೇ ಅಪರಾಧವನ್ನಾಗಿ ಮಾಡಿದ ಮೇಲೆ ಈ ದೃಷ್ಟಿಯು ಬದಲಾಯಿತು.

ನಮ್ಮ ದೇಶಕ್ಕೆ ಬಂದ ಭಾರತೀಯ ದಂಡಸಂಹಿತೆಯು ೧೮೬೦ರಲ್ಲಿ ರಚಿತವಾದುದರಿಂದ, ಅದು ಈ ಬದಲಾದ ದೃಷ್ಟಿಯ ಫಲ. ಅದರ ೪೧೫ನೆಯ ಪ್ರಕರಣವು ವಂಚನೆಯನ್ನು ನಿರೂಪಿಸುವಾಗ ವಂಚಕನ ಅಪ್ರಾಮಾಣಿಕ ಉದ್ದೇಶವನ್ನೂ ಅವನು ಹುಟ್ಟಿಸಿದ ತಪ್ಪು ತಿಳಿವಳಿಕೆಯನ್ನೂ ನೋಡುತ್ತದೆ. ವಂಚಿತನು ಜಾಣನಾಗಿರಬೇಕಾಗಿತ್ತೆಂಬ ಮಾತು ಅಲ್ಲಿಲ್ಲ. ಶಿಕ್ಷೆಯನ್ನು ಹೇಳುವ ೪೨೦ನೆಯ ಪ್ರಕರಣದ ಅಂಕಿಯು ಜನರ ಬಾಯಲ್ಲಿ ಬಿದ್ದು ‘ಚಾರ್‌ಸೌಬೀಸ್’, ‘ಫೋರ್‌ಟ್ವೆಂಟಿ’ ಎಂದಾಗಿ, ವಂಚಕನಿಗೇ ಹೆಸರಾಯಿತು. ೧೯೫೫ರ ‘ಶ್ರೀ ೪೨೦’ ಚಲನಚಿತ್ರದಿಂದ ಅದು ಇನ್ನೂ ಪ್ರಚಾರಗೊಂಡಿತು. ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದು ವಂಚನೆಯ ವಿಧಿಯು ಅದರ ೩೧೮ನೆಯ ಪ್ರಕರಣಕ್ಕೆ ಸೇರಿದ್ದರೂ ಹಳೆಯ ಅಂಕಿಯು ಆಡುಮಾತನ್ನು ಬಿಟ್ಟಿಲ್ಲ. ಲಂಡನ್ನಿನ ಅಚ್ಚಿನ ಮನೆಯು ವಂಚಿತನಿಗೆ ಹೆಸರಿಟ್ಟಿತು. ಭಾರತದ ಬೀದಿಯು ಕಾನೂನಿನ ಪುಸ್ತಕವನ್ನು ಹಿಡಿದು ವಂಚಕನಿಗೆ ಹೆಸರಿಟ್ಟಿತು. ಈ ವ್ಯತ್ಯಾಸವು ಸಣ್ಣದಲ್ಲ.

ಇದುವರೆಗಿನ ವಿಚಾರದ ಸಾರಾಂಶವನ್ನು ಹೀಗೆ ಹೇಳಬಹುದು. ‘ಕೋನಿ’ ಎಂಬುದು ಲ್ಯಾಟಿನ್ ಮೂಲದ ಒಂದು ಪ್ರಾಣಿನಾಮ. ಹಳ್ಳಿಯಿಂದ ಬಂದವರ ವಿಶ್ವಾಸವು ನಗರದಲ್ಲಿ ಸರಕಾದ ಕಾಲದಲ್ಲಿ ಅದು ವಂಚಿತನ ಹೆಸರಾಯಿತು. ‘ಬಂಧು’ ಎಂಬ ಹಳೆಯ ಹೆಸರಿನ ಸ್ಥಾನವನ್ನು ಅದು ಪಡೆದುದು ಮನುಷ್ಯಸಂಬಂಧವೊಂದು ಸಡಿಲವಾದುದರ ಗುರುತು. ಅದನ್ನು ಹರಡಿದವರು ಕಳ್ಳರಿಗಿಂತ ಹೆಚ್ಚಾಗಿ ಲೇಖಕರೂ ವಾಚಕರೂ. ಅದರ ಅನಂತರ ಬಂದ ಶಬ್ದಗಳು ಮೋಸಹೋಗುವುದನ್ನು ಒಂದು ಗುಣದೋಷವೆಂದು ಎಣಿಸುವ ದಾರಿಯನ್ನು ತೆರೆದುವು.

ಇಂದು ಬ್ಯಾಂಕಿನ ಹೆಸರು ಹೇಳಿಕೊಂಡು ದೂರವಾಣಿಯಲ್ಲಿ ಮಾತನಾಡುವವನೊಬ್ಬನು, ವಾಚಕನ ಹೆಸರು, ಊರು, ಖಾತೆಯ ವಿವರಗಳನ್ನು ತಾನೇ ಹೇಳಿ ವಿಶ್ವಾಸ ಗಳಿಸುವಾಗ, ಗ್ರೀನನ ಸೆಟರನೂ ವರ್ಸರನೂ ಮಾಡುತ್ತಿದ್ದುದನ್ನೇ ಮಾಡುತ್ತಿದ್ದಾನೆ. ಹಣ ಕಳೆದುಕೊಂಡವರಲ್ಲಿ ಅನೇಕರು ಮನೆಯವರಿಗೂ ಹೇಳದೆ ಸುಮ್ಮನಿರುತ್ತಾರೆ. ಪೊಲೀಸಿನವರಿಗೆ ದೂರು ಕೊಡಲು ಅವರನ್ನು ತಡೆಯುವುದು ಕಾನೂನಲ್ಲ. ನೆರೆಯವರು ಇಡಬಹುದಾದ ಹೆಸರು. ಒಂದು ಶಬ್ದದ ಚರಿತ್ರೆಯನ್ನು ತಿಳಿದ ಮಾತ್ರದಿಂದ ಮೋಸವು ನಿಲ್ಲುವುದಿಲ್ಲ. ಆದರೆ ಆ ಹೆಸರು ನೋಡುವವನು ಇಟ್ಟುದು, ಹೋದವನ ಸ್ವಭಾವದಿಂದ ಬಂದುದಲ್ಲ ಎಂಬಷ್ಟನ್ನು ಈ ಚರಿತ್ರೆಯು ಸ್ಪಷ್ಟಪಡಿಸುತ್ತದೆಂದು ನಾವು ನಂಬುತ್ತೇವೆ.